ನುಗ್ಗೆಪುಡಿ ನೀಗಿಸದ ಕೊರತೆ

ನುಗ್ಗೆಸೊಪ್ಪಿನ ಪುಡಿ ಒಳ್ಳೆಯ ಆಹಾರ, ಅದರಲ್ಲಿ ಎರಡು ಮಾತಿಲ್ಲ. ದೇಹದಲ್ಲಿ ಎ ವಿಟಮಿನ್ ಆಗಿ ಮಾರ್ಪಡುವ ಬೀಟಾ ಕ್ಯಾರೋಟಿನ್, ಜೊತೆಗೆ ಫೋಲೇಟ್, ಸುಣ್ಣದಂಶ ಅದರಲ್ಲಿವೆ. ಸಿ ವಿಟಮಿನ್ ಬೇಕೆಂದರೆ ನೆಲ್ಲಿಕಾಯಿ ಇದೆ. ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಬಿ12 ಮತ್ತು ಡಿ ಕೊರತೆ. ಬಿ12 ತಯಾರಿಸುವುದು ಬ್ಯಾಕ್ಟೀರಿಯಾಗಳು, ಗಿಡಗಳಲ್ಲ. ಡಿ ಸಿಗುವುದು ಮುಖ್ಯವಾಗಿ ಬಿಸಿಲಿನಿಂದ. ಇವೆರಡಕ್ಕೂ ನುಗ್ಗೆಪುಡಿ ನೆಚ್ಚುವುದು ದಂಡ. ‘ಹಿರಿಯರು ಮಾತ್ರೆ ನುಂಗಿದ್ದರೇ?’ ಎಂದು ಕೇಳುವವರಿದ್ದಾರೆ. ಇಲ್ಲ, ಆದರೆ ಹಾಲು, ಮೊಸರು, ಮೀನು, ಮೊಟ್ಟೆ ಉಂಡು, ಹೊಲದ ಬಿಸಿಲಿನಲ್ಲಿ ದುಡಿದರು. ಬಿ12 ಕಡಿಮೆಯಾಗಿ ಅಂಗೈ ಅಂಗಾಲು ಜುಮ್ಮೆನ್ನುವಾಗ ಪುಡಿ ನಂಬಿ ತಿಂಗಳುಗಟ್ಟಲೆ ಕೂತರೆ ನರಗಳಿಗೇ ಪೆಟ್ಟು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಂತೂ ಬಿ12 ಇಳಿಯುವ ಸಂಭವ ಹೆಚ್ಚು.

‘ಗಿಡಮೂಲಿಕೆ ತಾನೇ, ಏನೂ ಆಗದು’ ಎಂಬ ಧೈರ್ಯವೂ ಪೊಳ್ಳು. ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಇಂಥ ಲೋಹಗಳನ್ನು ಶೋಧಿಸಿ, ಸುಟ್ಟು ಮಾಡಿದ ಭಸ್ಮ ವಿಷವಲ್ಲ ಎಂಬುದು ಆಯುರ್ವೇದ ವೈದ್ಯರ ವಾದ. ಇರಬಹುದು, ಆದರೆ ಡಬ್ಬಿಯೊಳಗಿನದು ಸರಿಯಾಗಿ ಶೋಧಿಸಿದ್ದೇ ಎಂದು ಕೊಳ್ಳುವವನಿಗೆ ತಿಳಿಯುವ ಬಗೆ ಯಾವುದು? ಸಾರಿಗೆ ಹಾಕುವ ಸೊಪ್ಪಿನ ಬಗ್ಗೆ ನನ್ನ ತಕರಾರಿಲ್ಲ. ಮೊದಲು ರಕ್ತಪರೀಕ್ಷೆ ಮಾಡಿಸಿ, ಯಾವ ವಿಟಮಿನ್ ಕಡಿಮೆ ಎಂದು ತಿಳಿಯಿರಿ. ಪುಡಿ ಕೊಳ್ಳುವುದಾದರೆ ಲೈಸೆನ್ಸ್ ಸಂಖ್ಯೆ, ಬ್ಯಾಚ್, ತಯಾರಿಕೆಯ ದಿನಾಂಕ ನೋಡಿ. ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬೇಡಿ.