ಚರ್ಮಗಂಟು ರೋಗದ ವಂಶಾವಳಿ

ಮಸ್ಕಿಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. 1915ರಲ್ಲಿ ಅಲ್ಲಿ ದೊರೆತ ಬಂಡೆಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಅಶೋಕನ ಹೆಸರೂ ಕಾಣಿಸಿಕೊಂಡಿತು. ಒಂದೇ ಧರ್ಮಲಿಪಿಯನ್ನು ನಾನಾ ಊರುಗಳಲ್ಲಿ ಕೊರೆದಾಗ ಅಕ್ಷರಗಳು ಅಲ್ಲಲ್ಲಿ ಬದಲಾಗುತ್ತವೆ. ತಾಳೆಗರಿಯ ಪ್ರತಿಗಳಲ್ಲಂತೂ ಲಿಪಿಕಾರನೊಬ್ಬನ ತಪ್ಪು ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರ ಪ್ರತಿಗಳಲ್ಲಿಯೂ ಉಳಿದುಬರುತ್ತದೆ. ಗ್ರಂಥಸಂಪಾದಕರು ಈ ತಪ್ಪುಗಳ ಜಾಡು ಹಿಡಿದೇ ಯಾವ ಪ್ರತಿ ಯಾವುದರ ಸಂತಾನವೆಂದು ನಿರ್ಧರಿಸುವರು. ದನಗಳ ರೋಗವನ್ನು ಬೆನ್ನಟ್ಟಿದ ವಿಜ್ಞಾನಿಗಳು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ.

ಚರ್ಮಗಂಟು ರೋಗವು ದನ ಮತ್ತು ಎಮ್ಮೆಗಳಿಗೆ ಬರುವ ಸಿಡುಬಿನ ಜಾತಿಯ ವೈರಸ್ ವ್ಯಾಧಿ. ಜ್ವರ ಬರುತ್ತದೆ, ಮೈತುಂಬ ಗಂಟುಗಳೇಳುತ್ತವೆ, ಹಾಲು ಬತ್ತುತ್ತದೆ, ಎತ್ತು ನೊಗಕ್ಕೆ ಬಾರದಾಗುತ್ತದೆ. ಮನುಷ್ಯರಿಗೆ ಇದು ಅಂಟದು. 1929ರಲ್ಲಿ ಆಫ್ರಿಕದ ಜಾಂಬಿಯಾ ಪ್ರದೇಶದಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗ 2019ರಲ್ಲಿ ಒಡಿಶಾದ ಮೂಲಕ ನಮ್ಮ ದೇಶದಲ್ಲಿ ಕಾಣಿಸಿತು. 2022ರ ಹಾವಳಿಯಲ್ಲಿ 1 ಲಕ್ಷದಷ್ಟು ರಾಸುಗಳು ಸತ್ತವು. ಕರ್ನಾಟಕವೂ ಅದರಿಂದ ಪಾರಾಗಲಿಲ್ಲ. ಅನೇಕ ಕಡೆ ದನದ ಸಂತೆಗಳನ್ನೇ ನಿಲ್ಲಿಸಬೇಕಾಯಿತು.

ರೋಗವನ್ನು ಹರಡುವುವು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ ಮತ್ತು ಉಣ್ಣೆಗಳು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ನೆನೆದ ಸಿಂಧನೂರಿನ ಬತ್ತದ ಗದ್ದೆಗಳ ನಿಂತ ನೀರು ಸೊಳ್ಳೆಗಳಿಗೆ ಹಿತವಾದ ತಾಣ. ಆದರೆ ಸೊಳ್ಳೆ ಬಹುದೂರ ಹಾರಲಾರದು. ಲಿಂಗಸುಗೂರಿನ ಸಂತೆಯಲ್ಲಿ ಕೊಂಡ ಹೋರಿಯಾದರೋ ಒಂದೇ ರಾತ್ರಿಯಲ್ಲಿ ಲಾರಿಯೇರಿ ಜಿಲ್ಲೆಯನ್ನೇ ದಾಟಬಲ್ಲುದು. ಹಾಗಾದರೆ ಒಂದು ಕೊಟ್ಟಿಗೆಗೆ ರೋಗ ಬಂದುದು ನೆರೆಯವರ ದನದಿಂದಲೋ, ದೂರದ ಸಂತೆಯಿಂದಲೋ? ಅದನ್ನು ಕಣ್ಣಿನಿಂದ ಹೇಳಲಾಗದು. ಗಂಟುಗಳೆಲ್ಲ ಒಂದೇ ತೆರನಾಗಿರುತ್ತವೆ.

ಇಲ್ಲಿ ನೆರವಿಗೆ ಬರುವುದು ವೈರಸಿನ ಡಿ.ಎನ್.ಎ. ಅದು ಸುಮಾರು 1,51,000 ಅಕ್ಷರಗಳ ಗ್ರಂಥವೆನ್ನೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ಟಾಟು ಅವರ ತಂಡವು ಗುಜರಾತ್, ಮಹಾರಾಷ್ಟ್ರ, ರಾಜಸ್ಥಾನ ಮತ್ತು ಕರ್ನಾಟಕಗಳಿಂದ ತಂದ 22 ಮಾದರಿಗಳಲ್ಲಿ ಈ ಗ್ರಂಥವನ್ನು ಆದ್ಯಂತ ಓದಿ, 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಎರಡು ಮನೆತನಗಳು ಕಂಡುಬಂದವು. ಒಂದು, ಹಿಂದೆ ರಾಂಚಿ ಮತ್ತು ಹೈದರಾಬಾದುಗಳಲ್ಲಿ ದೊರೆತ ವೈರಸನ್ನು ಹೋಲುತ್ತಿತ್ತು. ಇನ್ನೊಂದರಲ್ಲಿ ಮಾರ್ಪಾಡುಗಳು ಬಹಳ. ಅದು 2015ರಲ್ಲಿ ರಷ್ಯದಲ್ಲಿ ಹಬ್ಬಿದ್ದ ವೈರಸಿಗೆ ಹತ್ತಿರದ್ದು. ಒಟ್ಟು 1,800ಕ್ಕೂ ಮಿಕ್ಕಿ ವ್ಯತ್ಯಾಸಗಳು ಲೆಕ್ಕಕ್ಕೆ ಸಿಕ್ಕವು. ಡಿ.ಎನ್.ಎ. ವೈರಸುಗಳು ನಕಲು ಮಾಡುವಾಗ ತಪ್ಪನ್ನು ತಾವೇ ತಿದ್ದಿಕೊಳ್ಳುವುದರಿಂದ ಇಷ್ಟೊಂದನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ನಮ್ಮಲ್ಲಿ ಈ ರೋಗಕ್ಕೆ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಎರಡೂ ವೈರಸುಗಳು ದಾಯಾದಿಗಳಾದುದರಿಂದ ಅದು ಕೆಲಸ ಮಾಡುತ್ತದೆ. 2022ರಲ್ಲಿ ಹಿಸಾರಿನ ಸಂಶೋಧನ ಕೇಂದ್ರವು ಸಿದ್ಧಪಡಿಸಿದ ಲಸಿಕೆಗಾದರೆ ರಾಂಚಿಯ ವೈರಸ್ಸೇ ಮೂಲ. ಈಗ ಕಂಡ ಮಾರ್ಪಾಡುಗಳಲ್ಲಿ ಹಲವು, ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳಲು ಮತ್ತು ದೇಹದ ರಕ್ಷಣೆಯಿಂದ ನುಣುಚಿಕೊಳ್ಳಲು ಬಳಸುವ ಜೀನ್‌ಗಳಲ್ಲಿಯೇ ಇವೆ. ಲಸಿಕೆ ತಯಾರಿಸುವವರು ಅವನ್ನು ಕಡೆಗಣಿಸುವಂತಿಲ್ಲ.

ಆದರೂ ಈ ವಿಧಾನಕ್ಕೆ ಮಿತಿಯುಂಟು. ಕಾಲುಬಾಯಿ ಜ್ವರದ ಆರ್.ಎನ್.ಎ. ವೈರಸ್ ಬಲು ಬೇಗ ಬದಲಾಗುವುದರಿಂದ ನೆರೆಹೊರೆಯ ಹಳ್ಳಿಗಳ ಮಾದರಿಗಳನ್ನೂ ಬೇರ್ಪಡಿಸಬಹುದು. ಸಿಡುಬಿನ ಜಾತಿಯದು ಮಂದಗತಿಯದು. ಮಸ್ಕಿಯ ಮತ್ತು ಸಿಂಧನೂರಿನ ರಾಸುಗಳ ವೈರಸುಗಳಲ್ಲಿ ಒಂದಕ್ಷರವೂ ಭೇದವಿರದೆ ಹೋಗಬಹುದು. ಆಗ ಯಂತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಪಶುವೈದ್ಯರ ದಿನಚರಿ: ಯಾವ ದನ, ಯಾವ ಸಂತೆಯಿಂದ, ಯಾವ ದಿನ ಬಂತು ಎಂಬ ಬರವಣಿಗೆ. ಅದಿಲ್ಲದೆ ಬಂದ ಮಾದರಿ ಕಾಲದೇಶಗಳನ್ನು ತಿಳಿಸದ ಶಾಸನದ ತುಣುಕಿನಂತೆ.

ಮಾದರಿಯೆಂದರೆ ಗಂಟಿನ ಮೇಲಿನ ಒಣಗಿದ ಹಕ್ಕಳೆಯೂ ಆದೀತು. ಅದರಲ್ಲಿ ವೈರಸ್ 35 ದಿನ ಜೀವಂತವಾಗಿ ಉಳಿಯಬಲ್ಲುದು. ಪ್ರಯೋಗಾಲಯಕ್ಕೆ ಇದು ಅನುಕೂಲ. ಕೊಟ್ಟಿಗೆಯಲ್ಲಿ ಉದುರಿ ಬಿದ್ದ ಹಕ್ಕಳೆಯನ್ನು ಗುಡಿಸಿ ಸುಡದ ರೈತನಿಗೆ ಮಾತ್ರ ಅಪಾಯ.