ಒಂದಕ್ಷರದ ಪಾಠಾಂತರ

‘ಅರವತ್ತಕ್ಕೆ ಅರಳುಮರಳು’ ಎಂಬುದು ನಮ್ಮಲ್ಲಿ ಮನೆಮಾತು. ಮರೆವು ಮುಪ್ಪಿನ ಒಡನಾಡಿಯೆಂದೇ ನಾವು ತಿಳಿದು ಬಂದಿದ್ದೇವೆ. ಆದರೆ ನಲವತ್ತೈದರ ಪ್ರಾಯದಲ್ಲಿಯೇ ತಾಯಿಯೊಬ್ಬಳು ತನ್ನ ಮಕ್ಕಳ ಹೆಸರನ್ನು ಮರೆತರೆ? ಅವಳ ಅಣ್ಣನೂ ತಂದೆಯೂ ಅಜ್ಜಿಯೂ ಅದೇ ವಯಸ್ಸಿನಲ್ಲಿ ಹಾಗೆಯೇ ಮರೆತಿದ್ದರೆ? ಅದನ್ನು ಮುಪ್ಪೆನ್ನಲಾಗದು.

ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ, ಆಂಟಿಯೋಕಿಯ ಎಂಬ ಬೆಟ್ಟಗಾಡಿನ ಪ್ರಾಂತದಲ್ಲಿ, ಇಂಥ ಮನೆತನಗಳಿವೆ. ಅಲ್ಲಿಯ ಜನ ಈ ವ್ಯಾಧಿಗೆ ‘ಲಾ ಬೊಬೇರಾ’, ಎಂದರೆ ಪೆದ್ದುತನ, ಎಂದು ಹೆಸರಿಟ್ಟಿದ್ದರು. ಮಾಟವೆಂದು ನಂಬಿದವರೂ ಉಂಟು. 1980ರ ದಶಕದಲ್ಲಿ ಮೆಡೆಲಿನ್ ನಗರದ ನರರೋಗತಜ್ಞ ಫ್ರಾನ್ಸಿಸ್ಕೊ ಲೊಪೆರಾ ಈ ಮನೆಗಳನ್ನು ಹುಡುಕಿಕೊಂಡು ಹೊರಟರು. ಅಂತಃಕಲಹದಿಂದ ನಲುಗಿದ್ದ ಸೀಮೆಯಲ್ಲಿ ಊರೂರು ಸುತ್ತಿ ವಂಶವೃಕ್ಷಗಳನ್ನು ಬರೆದುಕೊಂಡರು. ಚರ್ಚುಗಳ ಹಳೆಯ ದಾಖಲೆಗಳಲ್ಲಿ ಆ ವಂಶಗಳ ಜಾಡು 18ನೆಯ ಶತಮಾನದವರೆಗೆ ಹೋಯಿತು.

ಓಲೆಯ ಪ್ರತಿಗಳನ್ನು ಪರಿಶೋಧಿಸುವ ಗ್ರಂಥಸಂಪಾದಕರು ಒಂದು ಉಪಾಯವನ್ನು ಬಲ್ಲರು. ಬೇರೆ ಬೇರೆ ಊರಿನ ಪ್ರತಿಗಳಲ್ಲಿ ಒಂದೇ ಎಡೆಯಲ್ಲಿ ಒಂದೇ ತಪ್ಪು ಕಂಡುಬಂದರೆ, ಅವೆಲ್ಲ ಒಂದೇ ಮಾತೃಪ್ರತಿಯಿಂದ ಇಳಿದುಬಂದವೆಂದು ಅವರು ಊಹಿಸುತ್ತಾರೆ. ಇಲ್ಲಿ ನಡೆದದ್ದೂ ಅದೇ. 1995ರಲ್ಲಿ, 14ನೆಯ ವರ್ಣತಂತುವಿನ ಪ್ರೆಸೆನಿಲಿನ್-1 ಎಂಬ ಜೀನಿನಲ್ಲಿ ಆ ಲಿಪಿದೋಷ ಸಿಕ್ಕಿತು. ಜೀನು ರಚಿಸುವ ಪ್ರೋಟೀನಿನ 280ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಅಲನಿನ್ ಬಂದು ಕುಳಿತಿತ್ತು. ಇಷ್ಟರಿಂದಲೇ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ವಸ್ತು ಗಡ್ಡೆಗಟ್ಟುತ್ತದೆ, ಅನಂತರ ನರಕೋಶಗಳೊಳಗೆ ಟೌ ಎಂಬ ಪ್ರೋಟೀನು ಸಿಕ್ಕುಗಟ್ಟುತ್ತದೆ, ಕೋಶಗಳು ಸಾಯುತ್ತವೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಇದನ್ನು ಕೇಳಿ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಇಂಥ ಒಂದೇ ಜೀನಿನಿಂದ ಬರುವ ಆಲ್‌ಜೈಮರ್ ರೋಗ ನೂರರಲ್ಲಿ ಒಬ್ಬ ರೋಗಿಗೂ ಇರುವುದಿಲ್ಲ. ಮುಪ್ಪಿನಲ್ಲಿ ಬರುವ ಸಾಮಾನ್ಯ ರೂಪಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು 19ನೆಯ ವರ್ಣತಂತುವಿನ ಅಪೊಇ ಜೀನು. ಅದರ ನಾಲ್ಕನೆಯ ರೂಪವು ರೋಗದ ಸಂಭವವನ್ನು ಹೆಚ್ಚಿಸುತ್ತದೆಂದು 1993ರಲ್ಲಿ ತಿಳಿದುಬಂತು. ಹೆಚ್ಚಿಸುತ್ತದೆ, ಅಷ್ಟೆ, ವಿಧಿಸುವುದಿಲ್ಲ.

ಆಂಟಿಯೋಕಿಯದವರಿಗಾದರೋ ಅದು ಹಣೆಬರಹವೇ ಆಗಿತ್ತು. ಆ ಬರಹವನ್ನು ಓದಿಕೊಳ್ಳಬೇಕೆ, ಬೇಡವೆ? ಅಲ್ಲಿ ಅಮಿಲಾಯ್ಡನ್ನು ತಡೆಯುವ ಔಷಧಿಯೊಂದನ್ನು ರೋಗ ತೋರುವ ಮೊದಲೇ ಕೊಟ್ಟು ಪರೀಕ್ಷಿಸಿದಾಗ, ದೋಷವಿಲ್ಲದವರನ್ನೂ ಜೊತೆಗೆ ಸೇರಿಸಿಕೊಂಡರು. ಯಾರಿಗೂ ತಮ್ಮ ವಿಧಿ ತಾನಾಗಿ ಬಯಲಾಗಬಾರದೆಂಬ ಎಚ್ಚರ ಅದು. 2022ರಲ್ಲಿ ಬಂದ ಫಲಿತಾಂಶ ನಿರಾಶೆಯದು. ಔಷಧಿಯಿಂದ ಸ್ಪಷ್ಟವಾದ ಪ್ರಯೋಜನ ಕಾಣಲಿಲ್ಲ.

ಆದರೆ ಅಷ್ಟರಲ್ಲಿ ಅಚ್ಚರಿಯೊಂದು ಹೊರಬಿದ್ದಿತ್ತು. ಅದೇ ಮನೆತನದ ಹೆಂಗಸೊಬ್ಬಳು ದೋಷವಿದ್ದೂ ಎಪ್ಪತ್ತರ ಪ್ರಾಯದವರೆಗೆ ಹೆಚ್ಚು ಮರೆವಿಲ್ಲದೆ ಬಾಳಿದ್ದಳು. 2019ರಲ್ಲಿ ಪ್ರಕಟವಾದಂತೆ, ಅಪೊಇ ಜೀನಿನ ‘ಕ್ರೈಸ್ಟ್‌ಚರ್ಚ್’ ಎಂಬ ಅಪರೂಪದ ಪಾಠಾಂತರ ಅವಳಿಗೆ ತಂದೆ ತಾಯಿ ಇಬ್ಬರಿಂದಲೂ ಬಂದಿತ್ತು. ಅವಳ ಮಿದುಳಿನಲ್ಲಿ ಅಮಿಲಾಯ್ಡ್ ತುಂಬಿತ್ತು, ಟೌ ಮಾತ್ರ ವಿರಳ. ಎಂದರೆ, ಅಮಿಲಾಯ್ಡಿಗೂ ಟೌಗೂ ನಡುವಿನ ಕೊಂಡಿಯನ್ನು ಕಳಚುವುದು ಸಾಧ್ಯವೆಂದಾಯಿತು. ಒಂದೇ ಕಡೆಯಿಂದ ಈ ಪಾಠ ಬಂದ 27 ಮಂದಿಯಲ್ಲಿಯೂ ರೋಗ ಸುಮಾರು ಐದು ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2024ರ ವರದಿ ಹೇಳಿತು. ಲೊಪೆರಾ ತೀರಿಕೊಂಡದ್ದೂ ಅದೇ ವರ್ಷ.

ಒಂದಕ್ಷರ ಕೆಡಿಸಿದ್ದನ್ನು ಮತ್ತೊಂದಕ್ಷರ ಇಷ್ಟು ಕಾಲ ತಡೆದು ನಿಲ್ಲಿಸಬಲ್ಲುದಾದರೆ, ಆ ಕೆಲಸವನ್ನೇ ಮಾಡುವ ಔಷಧಿಯನ್ನು ಹುಡುಕಬಹುದಲ್ಲವೆ? ಸಂಶೋಧಕರು ಈಗ ಆ ದಾರಿ ಹಿಡಿದಿದ್ದಾರೆ. ಅವರಿಗೆ ದಾರಿ ತೋರಿದವರು, ತಮ್ಮ ರಕ್ತವನ್ನೂ ಸತ್ತ ಮೇಲೆ ಮಿದುಳನ್ನೂ ಕೊಟ್ಟ ಆ ಬೆಟ್ಟಗಾಡಿನ ಸಂಸಾರಗಳು. ತಮಗಾಗದ ಉಪಕಾರವನ್ನು ಮೊಮ್ಮಕ್ಕಳಿಗೆಂದು ಅವರು ಮಾಡಿಟ್ಟಿದ್ದಾರೆ.