ಗುಂಡಿ ಸೋತು ಗಾಜು ಗೆದ್ದ ಬಗೆ

ಕೈಗಡಿಯಾರವನ್ನು ಕೊಳ್ಳಹೋದವನು ಎರಡು ಪ್ರಶ್ನೆಗಳನ್ನು ಕೇಳುತ್ತಾನೆ. ವೇಳೆಯನ್ನು ಸರಿಯಾಗಿ ತೋರಿಸುವುದೇ ಎಂಬ ಮೊದಲನೆಯದನ್ನು ವ್ಯಾಪಾರಿಗೆ ಕೇಳುತ್ತಾನೆ. ತನ್ನ ಮಣಿಕಟ್ಟಿಗೆ ಒಪ್ಪುವುದೇ ಎಂಬ ಎರಡನೆಯದನ್ನು ಕನ್ನಡಿಗೆ ಕೇಳುತ್ತಾನೆ. ಲೇಖನಿ, ಕನ್ನಡಕ, ಬೈಸಿಕಲ್ಲು ಇವೆಲ್ಲವೂ ಹೀಗೆಯೇ ಉಪಕರಣಗಳೂ ಹೌದು, ಆಭರಣಗಳೂ ಹೌದು. ನಮ್ಮ ಕಾಲದಲ್ಲಿ ಈ ಎರಡು ಪಾತ್ರಗಳನ್ನೂ ಒಟ್ಟಿಗೆ ವಹಿಸಿರುವುದು ಸ್ಮಾರ್ಟ್‌ಫೋನು. ಮಾರುಕಟ್ಟೆಗೆ ಎಷ್ಟೋ ಮಾದರಿಗಳು ಬರುತ್ತವೆ. ಅವುಗಳ ಒಳಗಿನ ಯಂತ್ರಭಾಗಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಆದರೂ ಒಂದೆರಡು ಮಾತ್ರ ಕಚೇರಿಯವರ ನಚ್ಚಿನ ಸಾಧನವೋ ತರುಣರ ಮೆಚ್ಚಿನ ಅಲಂಕಾರವೋ ಆಗಿಬಿಡುತ್ತವೆ. ಇದೆಲ್ಲ ಜಾಹೀರಾತಿನ ಮಹಿಮೆಯೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಬ್ಲ್ಯಾಕ್‌ಬೆರಿ ಮತ್ತು ಐಫೋನು ಎಂಬ ಎರಡರ ಇತಿಹಾಸವನ್ನು ಪರಿಶೀಲಿಸಿದರೆ, ಇದರಲ್ಲಿ ಭೌತವಿಜ್ಞಾನಕ್ಕೂ ಗಣಿತಕ್ಕೂ ಸಮಾಜಶಾಸ್ತ್ರಕ್ಕೂ ಪಾಲುಂಟೆಂಬುದು ನಮಗೆ ಮನದಟ್ಟಾಗುತ್ತದೆ.

ಬಾಗಿಲಿಗೆ ಬಂದ ಅಂಚೆ

ಕೆನಡಾ ದೇಶದ ವಾಟರ್‌ಲೂ ನಗರದಲ್ಲಿ ಮೈಕ್ ಲಜಾರಿಡಿಸ್ ಮತ್ತು ಡಗ್ಲಾಸ್ ಫ್ರೆಗಿನ್ ಎಂಬ ಇಬ್ಬರು ತರುಣರು ೧೯೮೪ರಲ್ಲಿ ರಿಸರ್ಚ್ ಇನ್ ಮೋಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದು ೧೯೯೯ರಲ್ಲಿ ಹೊರತಂದ ಬ್ಲ್ಯಾಕ್‌ಬೆರಿ ೮೫೦ ಎಂಬುದು ಫೋನೇ ಅಲ್ಲ. ಇ-ಮೇಲುಗಳನ್ನು ಕಳುಹಿಸುವ ಮತ್ತು ಪಡೆಯುವ, ಅಂಗೈಯಲ್ಲಿ ಅಡಗುವ ಒಂದು ಪೇಜರು. ಅದರ ಪುಟ್ಟ ಗುಂಡಿಗಳು ಹಣ್ಣಿನ ಮೈಮೇಲಣ ಕಾಳುಗಳನ್ನು ನೆನಪಿಗೆ ತಂದುವಾಗಿ ಹಣ್ಣೊಂದರ ಹೆಸರೇ ಅದಕ್ಕೆ ಬಂದಿತು.

ಅಲ್ಲಿಯವರೆಗೆ ಇ-ಮೇಲನ್ನು ಓದಬೇಕಾದವನು ಕಂಪ್ಯೂಟರಿನ ಮುಂದೆ ಕುಳಿತು, ತನಗೇನಾದರೂ ಬಂದಿದೆಯೇ ಎಂದು ವಿಚಾರಿಸಬೇಕಾಗಿತ್ತು. ಹಳ್ಳಿಯವನು ದಿನವೂ ಅಂಚೆ ಕಚೇರಿಗೆ ನಡೆದುಹೋಗಿ ಕೇಳುವಂತೆ. ಬ್ಲ್ಯಾಕ್‌ಬೆರಿಯಲ್ಲಾದರೋ ಅಂಚೆಯವನೇ ಬಾಗಿಲಿಗೆ ಬರುತ್ತಿದ್ದನು. ಪತ್ರ ಬಂದೊಡನೆ ಕೇಂದ್ರವೇ ಅದನ್ನು ಅಡಕಗೊಳಿಸಿ ರೇಡಿಯೋ ತರಂಗಗಳ ಮೂಲಕ ಜೇಬಿಗೆ ತಲುಪಿಸುತ್ತಿತ್ತು. ಇಂಥ ಸಾಧನಗಳಲ್ಲಿ ಸಂಕೇತವನ್ನು ಪ್ರಸಾರಮಾಡುವುದಕ್ಕೆ ಬಹಳ ವಿದ್ಯುತ್ತು ಬೇಕು. ಪದೇ ಪದೇ ವಿಚಾರಿಸುವ ಕೆಲಸ ತಪ್ಪಿದುದರಿಂದ, ಗೋಡೆಯ ಗಡಿಯಾರಕ್ಕೆ ಹಾಕುವಂಥ ಒಂದೇ ಒಂದು ಸೆಲ್ಲಿನಿಂದ ಈ ಯಂತ್ರವು ಎಷ್ಟೋ ದಿನ ನಡೆಯುತ್ತಿತ್ತು. ಇನ್ನು ಅದರ ಗುಂಡಿಗಳು ಎರಡು ಹೆಬ್ಬೆರಳುಗಳ ಅಳತೆಗೆ ರಚಿತವಾಗಿದ್ದುವು. ಒತ್ತಿದಾಗ ಗುಂಡಿಯು ಕೆಳಗಿಳಿದು ಮರಳುವುದು ಬೆರಳಿಗೆ ತಿಳಿಯುತ್ತದೆಯಾದ್ದರಿಂದ ಕಣ್ಣಿನ ಸಹಾಯವಿಲ್ಲದೆಯೂ ಬರೆಯುವುದು ಸಾಧ್ಯವಾಯಿತು.

೨೦೦೧ರ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕಿನ ಮೇಲೆ ಭಯೋತ್ಪಾದಕರ ದಾಳಿ ನಡೆದಾಗ, ಕರೆಗಳ ನೂಕುನುಗ್ಗಲಿನಿಂದ ಫೋನಿನ ಜಾಲವು ಕಟ್ಟಿಹೋಯಿತು. ಬೇರೊಂದು ಜಾಲದಲ್ಲಿ ಕಿರಿಯ ಪತ್ರಗಳನ್ನು ಸಾಗಿಸುತ್ತಿದ್ದ ಬ್ಲ್ಯಾಕ್‌ಬೆರಿಗಳು ಮಾತ್ರ ಕೆಲಸಮಾಡಿದುವು. ಅನಂತರ ಅಮೆರಿಕದ ಪ್ರತಿನಿಧಿಸಭೆಯ ಸದಸ್ಯರಿಗೆ ಅವುಗಳನ್ನು ಒದಗಿಸಲಾಯಿತು. ಕೆಲಸದವರ ಫೋನೆಂಬ ಕೀರ್ತಿಯು ಹೀಗೆ ದುಡಿದು ಗಳಿಸಿದ ಕೀರ್ತಿ.

ಎರಡು ಬಗೆಯ ಜನಪ್ರಿಯತೆ

ಕೆಲಸಕ್ಕಾಗಿ ಬರುವ ಜನಪ್ರಿಯತೆಯು ಬೆಳೆಯುವ ರೀತಿಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಹತ್ತು ಮಂದಿಯ ಬಳಿ ಒಂದೇ ಬಗೆಯ ಫೋನಿದ್ದರೆ ಅವರೊಳಗೆ ಮಾತನಾಡಬಲ್ಲ ಜೊತೆಗಳೆಷ್ಟು? ಹತ್ತನ್ನು ಒಂಬತ್ತರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ೪೫. ಇಪ್ಪತ್ತು ಮಂದಿಯಾದರೆ ೧೯೦. ಜನರು ಇಮ್ಮಡಿಯಾದರೆ ಸಂಬಂಧಗಳು ಸುಮಾರು ನಾಲ್ಮಡಿಯಾಗುತ್ತವೆ. ೨೦೦೫ರಲ್ಲಿ ಬ್ಲ್ಯಾಕ್‌ಬೆರಿ ಉಳ್ಳವರು ತಮ್ಮತಮ್ಮಲ್ಲೇ ಸಂದೇಶಗಳನ್ನು ಕಳುಹಿಸಿಕೊಳ್ಳುವ ಏರ್ಪಾಡು ಬಂದಾಗ ಈ ನಿಯಮವೇ ಅದನ್ನು ಬೆಳೆಸಿತು. ಇಲ್ಲಿ ಹೊಸಬನೊಬ್ಬನು ಸೇರಿದರೆ ಹಳಬರೆಲ್ಲರಿಗೂ ಲಾಭ.

ಸೊಗಸಿಗಾಗಿ ಬರುವ ಜನಪ್ರಿಯತೆಯ ನಿಯಮ ಬೇರೆ. ಜನರು ಎಷ್ಟೋ ವಸ್ತುಗಳನ್ನು ನಾಲ್ವರ ಕಣ್ಣಿಗೆ ಬೀಳಲೆಂದೇ ಕೊಳ್ಳುತ್ತಾರೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ ೧೮೯೯ರಲ್ಲಿಯೇ ವಿವರಿಸಿದ್ದನು. ಜರ್ಮನಿಯ ಗೇಯಾರ್ಗ್ ಜಿಮ್ಮೆಲ್ ಎಂಬ ಚಿಂತಕನು ಫ್ಯಾಷನ್ನಿನಲ್ಲಿ ಎರಡು ವಿರುದ್ಧ ಬಯಕೆಗಳಿವೆಯೆಂದು ತೋರಿಸಿದನು: ಮೇಲಿನವರಂತೆ ಆಗಬೇಕೆಂಬುದು ಒಂದು, ಉಳಿದವರಿಂದ ಬೇರೆಯಾಗಿ ಕಾಣಬೇಕೆಂಬುದು ಇನ್ನೊಂದು. ಎಲ್ಲರ ಕೈಗೂ ಬಂದ ದಿನ ಎರಡನೆಯ ಬಯಕೆ ತೀರದೆ ಉಳಿಯುತ್ತದೆ. ಫ್ಯಾಷನ್ನು ತನ್ನ ಗೆಲುವಿನಿಂದಲೇ ಸೋಲುತ್ತದೆ. ೨೦೦೪ರಲ್ಲಿ ಬಂದ ಮೋಟೊರೋಲಾ ರೇಜರ್ ಎಂಬ ಮಡಿಸುವ ಫೋನನ್ನೇ ನೋಡಿರಿ. ಅದರ ದಪ್ಪ ಕೇವಲ ೧೩.೯ ಮಿಲಿಮೀಟರು. ಮೊದಲು ಅದು ಸಿರಿವಂತರ ಸೊಗಸಾಗಿತ್ತು. ಹದಿಮೂರು ಕೋಟಿಗೂ ಮಿಕ್ಕಿ ಮಾರಾಟವಾದ ಮೇಲೆ ಅದನ್ನು ಹೊರಗೆ ತೆಗೆದು ತೋರಿಸುವವರು ಯಾರೂ ಇರಲಿಲ್ಲ.

ಗಾಜಿನ ಗುಟ್ಟು

೨೦೦೭ರ ಜನವರಿ ೯ರಂದು ಆಪಲ್ ಸಂಸ್ಥೆಯು ಐಫೋನನ್ನು ಪ್ರಕಟಿಸಿತು. ಅದರ ಮುಖದಲ್ಲಿ ಇದ್ದುದು ಒಂದೇ ಗುಂಡಿ, ಉಳಿದುದೆಲ್ಲ ಗಾಜು. ಅದಕ್ಕೆ ಮುಂಚಿನ ಸ್ಪರ್ಶಪರದೆಗಳಲ್ಲಿ ಬಹುಪಾಲು ಒತ್ತಡದಿಂದ ನಡೆಯುತ್ತಿದ್ದುವು: ಮೇಲಣ ಮೆತುವಾದ ಹಾಳೆ ಬಾಗಿ ಕೆಳಗಣ ಹಾಳೆಯನ್ನು ಮುಟ್ಟಬೇಕು. ಆದುದರಿಂದ ಅಲ್ಲಿ ಗಡುಸಾದ ಗಾಜಿಗೆ ಎಡೆಯಿರಲಿಲ್ಲ. ಐಫೋನಿನ ಪರದೆಯು ವಿದ್ಯುತ್ ಧಾರಕತೆಯ ತತ್ತ್ವವನ್ನು ಅವಲಂಬಿಸಿತು. ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬಾತನು ೧೯೬೫ರಲ್ಲಿಯೇ ಇಂಥ ಪರದೆಯನ್ನು ವರ್ಣಿಸಿದ್ದನು. ಗಾಜಿನಡಿಯಲ್ಲಿ ಪಾರದರ್ಶಕವಾದ ವಾಹಕ ಗೆರೆಗಳ ಬಲೆಯಿರುತ್ತದೆ. ಬೆರಳು ಹತ್ತಿರ ಬಂದಾಗ, ನಮ್ಮ ದೇಹವು ವಾಹಕವಾದುದರಿಂದ, ಅಲ್ಲಿನ ವಿದ್ಯುತ್‌ಕ್ಷೇತ್ರದ ಒಂದಂಶವನ್ನು ತನ್ನೆಡೆಗೆ ಸೆಳೆಯುತ್ತದೆ. ಆ ಸ್ಥಾನದ ಧಾರಕತೆ ಬದಲಾಗುತ್ತದೆ. ಯಂತ್ರವು ಅದನ್ನು ಅಳೆದು ಬೆರಳಿನ ನೆಲೆಯನ್ನು ಗುರುತಿಸುತ್ತದೆ. ಒತ್ತುವ ಅಗತ್ಯವೇ ಇಲ್ಲ. ವಿದ್ಯಾರ್ಥಿಗಳು ಪೆನ್ಸಿಲಿನ ಮರದ ತುದಿಯಿಂದ ಒಮ್ಮೆ, ಬರಿಗೈಯಲ್ಲಿ ಹಿಡಿದ ಉಕ್ಕಿನ ಚಮಚದ ಬೆನ್ನಿನಿಂದ ಒಮ್ಮೆ ಪರದೆಯನ್ನು ಮೆಲ್ಲನೆ ಮುಟ್ಟಿ ವ್ಯತ್ಯಾಸವನ್ನು ತಾವೇ ನೋಡಬಹುದು.

ಗಾಜು ಒಡೆಯದಿರಲು ರಸಾಯನವಿಜ್ಞಾನವು ನೆರವಾಯಿತು. ಗಾಜನ್ನು ಸುಮಾರು ೪೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಪೊಟ್ಯಾಸಿಯಂ ಲವಣದ ದ್ರವದಲ್ಲಿ ಅದ್ದಿದರೆ, ಮೇಲ್ಮೈಯ ಸಣ್ಣ ಸೋಡಿಯಂ ಅಯಾನುಗಳು ಹೊರಬಂದು ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಕೂರುತ್ತವೆ. ಐವರು ತೆಳ್ಳನೆಯ ಹುಡುಗರ ಬೆಂಚಿನಲ್ಲಿ ಐವರು ಪೈಲ್ವಾನರು ಕುಳಿತಂತೆ ಮೇಲ್ಮೈ ಬಿಗಿದುಕೊಳ್ಳುತ್ತದೆ. ಬಿರುಕು ಬಾಯ್ದೆರೆಯಲು ಎಡೆ ದೊರೆಯುವುದಿಲ್ಲ. ಅಮೆರಿಕದ ಕಾರ್ನಿಂಗ್ ಸಂಸ್ಥೆಯು ೧೯೬೦ರ ದಶಕದಲ್ಲಿಯೇ ಇಂಥ ಬಲಪಡಿಸಿದ ಗಾಜನ್ನು ತಯಾರಿಸಿತ್ತು. ಅದಕ್ಕೆ ತಕ್ಕ ಗಿರಾಕಿ ಒದಗಿದುದು ಫೋನಿನ ಕಾಲದಲ್ಲಿ.

ಕಚೇರಿಯೊಳಗೆ ಬಂದ ಬಗೆ

ಕಚೇರಿಯ ದೃಷ್ಟಿಯಿಂದ ಮೊದಲ ಐಫೋನು ಅಷ್ಟೇನೂ ಹಿರಿದಲ್ಲ. ಗಾಜಿನ ಮೇಲೆ ಬೆರಳಿಗೆ ಗುಂಡಿಯ ಅರಿವಾಗದು. ಬರೆದುದನ್ನು ನಕಲುಮಾಡಿ ಬೇರೆಡೆ ಇರಿಸುವ ಸೌಕರ್ಯವೂ ಅದರಲ್ಲಿರಲಿಲ್ಲ. ಆದರೆ ಗುಂಡಿಯು ಎಂದೆಂದಿಗೂ ಗುಂಡಿಯೇ. ಗಾಜಾದರೋ ಒಂದು ಗಳಿಗೆ ಕೀಲಿಮಣೆ, ಮರುಗಳಿಗೆ ಭೂಪಟ, ಮತ್ತೊಂದು ಗಳಿಗೆ ಛಾಯಾಚಿತ್ರ. ೨೦೦೮ರ ಜುಲೈಯಲ್ಲಿ ಹೊರಗಿನವರು ರಚಿಸಿದ ಸುಮಾರು ೫೦೦ ಆ್ಯಪ್‌ಗಳ ಅಂಗಡಿಯನ್ನು ಆಪಲ್ ತೆರೆಯಿತು. ಆ್ಯಪ್‌ಗಳು ಹೆಚ್ಚಿದಷ್ಟೂ ಬಳಸುವವರು ಹೆಚ್ಚಿದರು. ಬಳಸುವವರು ಹೆಚ್ಚಿದಷ್ಟೂ ರಚಿಸುವವರು ಹೆಚ್ಚಿದರು. ಅದೇ ತಿಂಗಳು ಕಚೇರಿಯ ಇ-ಮೇಲನ್ನು ತರಿಸಿಕೊಳ್ಳುವ ಏರ್ಪಾಡೂ ಬಂದಿತು. ಸೊಗಸಿಗೆಂದು ಕೊಂಡ ಫೋನನ್ನು ನೌಕರರು ಕೆಲಸಕ್ಕೂ ಒಯ್ದರು; ಕಚೇರಿಗಳು ಒಪ್ಪಬೇಕಾಯಿತು. ಅಲಂಕಾರವಾಗಿ ಬಂದುದು ಉಪಕರಣವಾಗಿ ನೆಲೆಸಿತು.

ಬ್ಲ್ಯಾಕ್‌ಬೆರಿಗೆ ಇದೇ ಲೆಕ್ಕ ತಿರುಗಿಬಿದ್ದಿತು. ಹೊಸಬನೊಬ್ಬನು ಸೇರಿದಾಗ ಎಲ್ಲರಿಗೂ ಲಾಭವಾಗುವ ಜಾಲದಲ್ಲಿ, ಒಬ್ಬನು ಬಿಟ್ಟುಹೋದಾಗ ಎಲ್ಲರಿಗೂ ನಷ್ಟ. ೨೦೦೯ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಸ್ಮಾರ್ಟ್‌ಫೋನುಗಳಲ್ಲಿ ಸುಮಾರು ಐದನೆಯ ಒಂದು ಪಾಲು ಅದರದಾಗಿತ್ತು. ೨೦೧೬ರ ಕೊನೆಯ ಮೂರು ತಿಂಗಳಲ್ಲಿ ಮಾರಾಟವಾದ ಸುಮಾರು ೪೩ ಕೋಟಿ ಫೋನುಗಳಲ್ಲಿ ಅದರ ಕಾರ್ಯವ್ಯವಸ್ಥೆಯುಳ್ಳವು ಎರಡು ಲಕ್ಷಕ್ಕೆ ತುಸು ಮಿಕ್ಕಿದ್ದುವು. ಆ ಸಂಪತ್ತಿನ ಒಂದು ಭಾಗವು ಮಾತ್ರ ಇಂದಿಗೂ ವಾಟರ್‌ಲೂ ನಗರದಲ್ಲಿ ಬೇರೆ ರೂಪದಲ್ಲಿ ಉಳಿದಿದೆ: ಲಜಾರಿಡಿಸ್ ತನ್ನ ಹಣದಿಂದ ಸ್ಥಾಪಿಸಿದ ಪೆರಿಮೀಟರ್ ಸಂಸ್ಥೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನದ ಸಂಶೋಧನೆ ನಡೆಯುತ್ತಿದೆ.

೨೦೨೨ರ ಜನವರಿ ೪ರಂದು ಹಳೆಯ ಬ್ಲ್ಯಾಕ್‌ಬೆರಿ ಫೋನುಗಳಿಗೆ ಒದಗುತ್ತಿದ್ದ ಸೇವೆಯನ್ನು ಸಂಸ್ಥೆಯು ನಿಲ್ಲಿಸಿತು. ಅಂದು ಅವುಗಳ ಗುಂಡಿಗಳು ಸವೆದಿರಲಿಲ್ಲ, ಪರದೆ ಒಡೆದಿರಲಿಲ್ಲ. ಆದರೂ ಕರೆಯಾಗಲಿ ಸಂದೇಶವಾಗಲಿ ಹೋಗುವುದೆಂಬ ಭರವಸೆ ಉಳಿಯಲಿಲ್ಲ. ವಿದ್ಯಾರ್ಥಿಗಳು ಗಮನಿಸಬೇಕಾದುದು ಇದನ್ನೇ. ತಂದೆತಾಯಿಗಳ ದುಡಿಮೆಯ ಹಣದಿಂದ ನಾವು ಕೊಳ್ಳುವುದು ಗಾಜು ಲೋಹಗಳ ಒಂದು ವಸ್ತುವನ್ನಷ್ಟೇ ಅಲ್ಲ, ದೂರದಲ್ಲೆಲ್ಲೋ ಯಾರೋ ನಡೆಸುತ್ತಿರುವ ಜಾಲದ ಒಂದು ತುದಿಯನ್ನು. ಸೊಗಸನ್ನು ಬಯಸುವುದು ತಪ್ಪಲ್ಲ. ಆದರೆ ಅದಕ್ಕೆ ತೆರುವ ಬೆಲೆ ಬೇಗನೆ ಕರಗುವುದೆಂಬುದು ತಿಳಿದಿರಬೇಕು. ಆದುದರಿಂದ ಅಂಗಡಿಯಲ್ಲಿ ಆ ಎರಡು ಪ್ರಶ್ನೆಗಳ ಜೊತೆಗೆ ಮೂರನೆಯದೊಂದನ್ನೂ ಕೇಳುವುದು ಒಳ್ಳೆಯದು: ಈ ಫೋನಿನ ತಂತ್ರಾಂಶವನ್ನು ತಯಾರಕರು ಇನ್ನೆಷ್ಟು ವರ್ಷ ನವೀಕರಿಸಿಕೊಡುವರು?